ಮೂರೇ ಸಲದ ಬೀಗ

ಧಡ್! ಬಾಗಿಲು ಮುಚ್ಚಿತು.

ಮೈನಸ್ ಹದಿನೆಂಟು ಡಿಗ್ರಿ. ಮೈಮೇಲೆ ತೆಳ್ಳನೆಯ ಶರ್ಟು. ಸುತ್ತ ಸೀತಾಫಲದ ತಿರುಳಿನ ಡಬ್ಬಿಗಳು. ನನ್ನನ್ನು ಒಳಗೆ ದಬ್ಬಿದವನು ಇಲ್ಲಿಯ ಹಮಾಲ ಆಕಾಶ. ಅವನ ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. ನನ್ನ ಫೋನನ್ನೂ ಕಿತ್ತುಕೊಂಡಿದ್ದ.

"ಆಕಾಶ್! ಬಾಗಿಲಾ ತೆಗಿ!"

"ಕಂಪ್ಯೂಟರ್ ತೆಗಿತೈತಿ. ಬೀಗ ನೀನ ಹಾಕಿದ್ದಲ್ಲೇನೋ?"

ಹೌದು, ಇಲ್ಲಿಯ ಮ್ಯಾನೇಜರನಾದ ನಾನೇ! ಸೋಲಾಪುರದ ಹತ್ತಿರ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಈ ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್. ಬಾಗಿಲು ತೆಗೆಯುವುದೂ ಅದೇ. ಇಲ್ಲೇ ಕೆಲಸಕ್ಕಿದ್ದ ಆಕಾಶನ ಅಕ್ಕ, ಬೋರಾಮಣಿಯ ಬೀರವ್ವನಿಗೆ ಅಕ್ಷರ ಬಾರದು. ಹಳೆಯ ಪಾಸ್‌ವರ್ಡಿನ ನಾಲ್ಕು ಗುಂಡಿಗೆ ಬೀರೋಬ ದೇವರ ಭಂಡಾರದ ಅರಿಶಿನ ಹಚ್ಚಿಕೊಂಡು, ಎಡದಿಂದ ಬಲಕ್ಕೆ ಒತ್ತಿ ಬಾಗಿಲು ತೆಗೆಯುತ್ತಿದ್ದಳು.

ನೋಡಿ ನನಗೆ ಪಿತ್ತ ನೆತ್ತಿಗೇರಿತು. ಇದೇನು ಸೆಕ್ಯುರಿಟಿಯೋ, ಗುಡಿಯೋ? ಅರಿಶಿನ ಒರೆಸಿ ಹಾಕಿದೆ. ನನ್ನೊಬ್ಬನ ಹೆಸರಿನಲ್ಲೇ ಹತ್ತಕ್ಷರದ ಪಾಸ್‌ವರ್ಡ್ ಇಟ್ಟೆ. ಮೂರು ಸಲ ತಪ್ಪಿದರೆ ಅರ್ಧ ತಾಸು ಬಂದ್! ಕಳ್ಳತನಕ್ಕೆ ದಾರಿ ಎಂದು ಬಾಗಿಲಿನ ಒಳಗಿನ ಹಿಡಿಕೆಯನ್ನೂ ಕೀಳಿಸಿದೆ. ಬೇಡವೆಂದು ಅವಳು ಕೈಮುಗಿದಳು.

"ಬಾಗಿಲಾ ಬೇಕಂದ್ರ ನನಗ ಫೋನ್ ಮಾಡು" ಎಂದೆ.

ನಿನ್ನೆ ಅವಳ ಗಂಡ ಹಣಮಂತಪ್ಪ ಒಳಗೆ ಹೋದಾಗ ಬಾಗಿಲು ಮುಚ್ಚಿಕೊಂಡು ಬೀಗ ಬಿತ್ತು. ನಾನು ಅಕ್ಕಲಕೋಟೆಯಲ್ಲಿ, ಸ್ವಾಮಿಯ ದರ್ಶನದ ಸಾಲಿನಲ್ಲಿ. ಫೋನ್ ಬಂದ್! ಪಾಸ್‌ವರ್ಡ್ ಗೊತ್ತಿದ್ದ ಮತ್ತೊಬ್ಬರು, ಸ್ಟೋರೇಜಿನ ಸಾವ್ಕಾರ ಶಾಂತಲಿಂಗಪ್ಪ, ಸೋಲಾಪುರದಿಂದ ಓಡಿಬಂದು ತೆಗೆಯುವಷ್ಟರಲ್ಲಿ ಒಂದು ತಾಸು ಕಳೆದಿತ್ತು. ನಾಲ್ಕು ಬೆರಳು ಉಳಿಯುವುದಿಲ್ಲ ಎಂದರು ಡಾಕ್ಟರು.

ಈಗ ನನ್ನ ಸರದಿ... ಹೊರಗೆ ಕಂಪ್ಯೂಟರಿನ ಎದುರು ಬೀರವ್ವ ಇದ್ದಳು.

"ಬೀರವ್ವಾ! ನಾ ಹೇಳ್ತೀನಿ, ನೀ ಒತ್ತು! ಮೊದಲ ಕೆ!"

"ಕೆ ಅಂದ್ರ ಯಾವ್ದರಿ ಸಾಹೇಬ್ರ?"

"ಆಕಾಶ್, ನೀನರ ಒತ್ತೋ!"

"ರೀಲ್ಸ್ ನೋಡ್ತಾನಂತ ಕಂಪ್ಯೂಟರ್ ಮುಟ್ಟೋರ ಲಿಸ್ಟ್‌ನಾಗಿಂದ ನನ್ನ ಹೆಸರ ತಗದ್ಯಲ್ಲಾ? ನನಗ ಪರ್ಮಿಷನ್ ಇಲ್ಲ, ಭಾವು!"

ಹಲ್ಲು ಕಟಕಟ ಕಡಿಯುತ್ತಿದ್ದವು.

"ಒಂದ್ ಕೋಲು... ಅದಕ್ಕ ಎರಡ್ ಟೊಂಗಿ... ಸಿಕ್ತೇನು?"

"ಸಿಕ್ತರಿ!"

"ಎಸ್... ಹಾವ ಎದ್ದ ನಿಂತಂಗ!"

ಏಳನೆಯ ಅಕ್ಷರಕ್ಕೆ ನಾಲಿಗೆ ಹೊರಳಲಿಲ್ಲ. ತಪ್ಪಿತು. ಮತ್ತೆ ಮೊದಲಿನಿಂದ. ಮತ್ತೆ ತಪ್ಪು! ಮೂರನೆಯ ಸಲ ಹತ್ತೂ ಅಕ್ಷರ ಒತ್ತಿದಳು. ಬಾಗಿಲಿಗೆ ಕಿವಿ ಹಚ್ಚಿದೆ.

"ಸಾಹೇಬ್ರ... ಕೆಂಪಗ ಏನೋ ಬಂತರಿ."

ಅರ್ಧ ತಾಸು! ನಾಚಿಕೆ ಬಿಟ್ಟು ಹೇಳುತ್ತೇನೆ, ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತೆ. ಕಾಲಿಗೆ ಬೀಳುತ್ತೇನೆ, ಸಾವ್ಕಾರರಿಗೆ ಫೋನ್ ಮಾಡು ಎಂದೆ.

"ಕುಂದರ್ರಿ" ಎಂದಳು ಬೀರವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. "ನಮ್ಮ ಮನಿಯವ್ರು ಒಂದ್ ತಾಸ ಕುಂತಿದ್ರು."

ಕೊನೆಗೆ ತೆಗೆದದ್ದು ಅವಳೇ, ಅರ್ಧ ತಾಸು ಕಳೆದ ಮೇಲೆ, ನಾಲ್ಕನೆಯ ಸಲಕ್ಕೆ. ಅಷ್ಟು ಹೊತ್ತಿಗೆ ನನಗೆ ನನ್ನ ಕಾಲುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಗೆ ಪೊಲೀಸರು ಬಂದರು.

"ಒಳಗ ಹಾಕಿ ಬಂದ್ ಮಾಡಿದವ್ರ್ಯಾರು?"

ಆಕಾಶನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಂಪ್ಯೂಟರಿನ ದಾಖಲೆಯ ಕಾಗದ ಆಗಲೇ ಅವರ ಕೈಯಲ್ಲಿತ್ತು. ಒಂದಲ್ಲ, ಎರಡಲ್ಲ, ಬೀಗದ ಪ್ರತಿ ಸಾಲಿನ ಎದುರಿಗೂ ಇದ್ದದ್ದು ಒಂದೇ ಹೆಸರು...

ನನ್ನದು!