ಈರಪ್ಪನವರ ಮೋಟುಗೆರೆ

2007ರ ಶ್ರಾವಣದಲ್ಲಿ, ಪೀಣ್ಯ ಎರಡನೇ ಹಂತದ ಒಂದು ಟೂಲ್‌ರೂಮಿನಲ್ಲಿ, ಭುವನೇಶ್ವರಿ ಎಂಬ ಡಿಸೈನರ್ ತನ್ನ ಮಾಲೀಕರಿಗೆ ಒಂದು ಮಾತು ಕೊಟ್ಟಿದ್ದಳು. ಪ್ರೆಸ್ಸಿನಲ್ಲಿ ತಗಡು ಒತ್ತುವ ಉಕ್ಕಿನ ಅಚ್ಚುಗಳ, ಅಂದರೆ ಡೈಗಳ, ನಕ್ಷೆಗಳೆಲ್ಲ ಇದ್ದ ಕಂಪ್ಯೂಟರಿಗೆ ಆಗಷ್ಟೇ ಬೀಗ ಬಿದ್ದಿತ್ತು. ಸ್ವಿಚ್ ಒತ್ತಿದೊಡನೆ, ವಿಂಡೋಸ್ ಕಣ್ಣು ಬಿಡುವ ಮೊದಲೇ, ಕಪ್ಪು ಪರದೆಯೊಂದು ಪಾಸ್‌ವರ್ಡ್ ಕೇಳುತ್ತಿತ್ತು. ಕೊಡದಿದ್ದರೆ ಇಡೀ ಡಿಸ್ಕ್ ತಲೆಬುಡವಿಲ್ಲದ ಅಕ್ಷರಗಳ ರಾಶಿ.

"ಯಾರಿಗೂ ಹೇಳ್ಬೇಡಮ್ಮ," ಎಂದಿದ್ದರು ಮಾಲೀಕ ಈರಪ್ಪ. "ನನಗೂ ಬೇಡ. ನನ್ನ ಬಾಯಿ ನನಗೆ ಗೊತ್ತು. ನಮ್ಮೋರು ಯಾರಾದ್ರೂ ಬಂದು ಗೋಗರೆದ್ರೆ ಹೇಳಿಬಿಡ್ತೀನಿ. ನಾನೇ ಬಂದು ಕೇಳಿದ್ರೂ ಹೇಳ್ಬೇಡ."

"ಹೇಳಲ್ಲ ಸಾರ್. ನಿಮಗೂ ಹೇಳಲ್ಲ."

2011ರ ಅಕ್ಟೋಬರ್ 7, ಶುಕ್ರವಾರ. ಆಯುಧಪೂಜೆ, ವಿಜಯದಶಮಿಯ ರಜೆ ಮುಗಿದ ಬೆಳಿಗ್ಗೆ. ಈರಪ್ಪನವರ ಮಗ ವಿನಾಯಕ್ ದೂರು ಹಿಡಿದು ಠಾಣೆಗೆ ಬಂದಾಗ ಇನ್ಸ್‌ಪೆಕ್ಟರ್ ಸುಮಂಗಲಾ ತನ್ನ ಮಗನ ಜ್ವರಕ್ಕೆ ರಾತ್ರಿಯೆಲ್ಲ ಎದ್ದಿದ್ದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತಿದ್ದಳು.

"ಕಂಪ್ಯೂಟರ್ ಓಪನ್ ಆಗ್ತಿಲ್ಲ ಅಂತ ಪೊಲೀಸ್ ಹತ್ರ ಬಂದ್ರಾ?" ಹೆಡ್ ಕಾನ್‌ಸ್ಟೆಬಲ್ ಚಿಕ್ಕಮುನಿಯಪ್ಪ ಕೇಳಿದ. "ನಮ್ಮನೆ ಟೀವೀನೂ ಆನ್ ಆಗ್ತಿಲ್ಲ. ಅದುಕ್ಕೂ ಒಂದು ಎಫ್‌ಐಆರ್ ಆಕ್ಬುಡಾನ?"

ವಿನಾಯಕ್ ನಗಲಿಲ್ಲ. "ಕಂಪನಿಯ ಜೀವ ಅದರೊಳಗಿದೆ ಮೇಡಂ. ಭುವನೇಶ್ವರಿ ಕೆಲಸ ಬಿಡ್ತೀನಿ ಅಂತ ಹೋದ ವಾರ ಲೆಟರ್ ಕೊಟ್ಟಳು. ಇವತ್ತು ಪಾಸ್‌ವರ್ಡ್ ಹೊಡೆದು, ಆಗ್ತಿಲ್ಲ ಅಂತಾಳೆ. ಬದಲಾಯಿಸಿ ನಾಟಕ ಆಡ್ತಿದ್ದಾಳೆ ಅಷ್ಟೇ."

11.20ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸುಮಂಗಲಾ, ಚಿಕ್ಕಮುನಿಯಪ್ಪ ಮತ್ತು ಸೈಬರ್ ವಿಭಾಗದಿಂದ ಕರೆಸಿದ್ದ ಕಾನ್‌ಸ್ಟೆಬಲ್ ಕಾವ್ಯಾ ಟೂಲ್‌ರೂಮಿಗೆ ಹೋದರು.

ಭುವನೇಶ್ವರಿ ಅವರ ಎದುರೇ ಮೂರು ಸಲ ಪ್ರಯತ್ನಿಸಿದಳು. ಕಣ್ಣು ಪರದೆಯ ಮೇಲೆ, ಎರಡೂ ಕೈ ಕೀಲಿಮಣೆಯ ಮೇಲೆ. ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ. ಒತ್ತಿದ್ದು ಪರದೆಯಲ್ಲಿ ಕಾಣುವಂತಿರಲಿಲ್ಲ. ಮೂರು ಸಲವೂ ಒಂದೇ ಉತ್ತರ: ಪಾಸ್‌ವರ್ಡ್ ತಪ್ಪು.

"ಒಡೆಯೋಕಾಗಲ್ವಾ?" ಸುಮಂಗಲಾ ಕಾವ್ಯಾಳನ್ನು ಕೇಳಿದಳು.

"ಆಗಲ್ಲ ಮೇಡಂ. ದೇಶದಲ್ಲಿರೋ ಕಂಪ್ಯೂಟರ್‌ಗಳನ್ನೆಲ್ಲ ತಂದು ಇದರ ಮುಂದೆ ಕೂರಿಸಿದ್ರೂ, ಸೂರ್ಯ ಆರಿಹೋಗ್ತಾನೆ, ಇದು ತೆರೆಯಲ್ಲ."

ಸುಮಂಗಲಾ ಆ ಪೆಟ್ಟಿಗೆಯನ್ನು ಮತ್ತೊಮ್ಮೆ ನೋಡಿದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಕಂಡ ಬಾಗಿಲುಗಳೆಲ್ಲ ಒಂದಲ್ಲ ಒಂದು ಏಟಿಗೆ ಬಗ್ಗಿದ್ದವು. ಬೀರು, ಲಾಕರ್, ಮನುಷ್ಯರ ಬಾಯಿ. ಇದು ಸಾಧಾರಣ ಬೂದುಬಣ್ಣದ ತಗಡು. ಪಕ್ಕದಲ್ಲಿ ಬಾಡಿದ ಸೇವಂತಿಗೆ. ಲಾಠಿಗೂ ಕೋರ್ಟಿನ ಆದೇಶಕ್ಕೂ ಬಗ್ಗದ ವಸ್ತುವೊಂದು ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಅವಳಿಗೆ ಅರಿವಿಲ್ಲದೆ ದನಿ ತಗ್ಗಿತು.

"ಬರೆದುಕೊಡಿ ಭುವನೇಶ್ವರಿ. ಕಾವ್ಯಾ ಹೊಡೆದು ನೋಡ್ತಾಳೆ."

"ನಾನೇ ಹೊಡೀತೀನಿ ಮೇಡಂ. ಎಷ್ಟು ಸಲ ಬೇಕಾದ್ರೂ. ಹೇಳಲ್ಲ."

"ಹೇಳದಿದ್ರೆ ಸಂಜೆ ಅರೆಸ್ಟ್ ಮಾಡಬೇಕಾಗುತ್ತೆ."

"ಹೂಡಿಯಲ್ಲಿ ಹೊಸ ಕೆಲಸ ಸಿಕ್ಕಿದೆ. ಕೇಸ್ ಆಯ್ತು ಅಂದ್ರೆ ಅದೂ ಹೋಯ್ತು. ಗೊತ್ತು ಮೇಡಂ."

ಮೂಲೆಯಲ್ಲಿ ಕೂತಿದ್ದ ಈರಪ್ಪ ತಡೆಯಲಾರದೆ ಎದ್ದರು. "ಹೇಳಿಬಿಡಮ್ಮ. ನಾನೇ ಹೇಳ್ತಿದ್ದೀನಲ್ಲ."

"ನೀವು ಕೇಳಿದ್ರೂ ಹೇಳಬೇಡ ಅಂದಿದ್ದು ನೀವೇ ಸಾರ್."

ಈರಪ್ಪ ಮತ್ತೆ ಕೂತರು. ವಿನಾಯಕ್ ಕಿಟಕಿಯ ಕಡೆ ತಿರುಗಿ, "ನೋಡಿ, ಎಂಥಾ ನಾಟಕ," ಎಂದ. ಸುಳ್ಳುಗಾರರು ಸುಮಂಗಲಾಳೆದುರು ಬೆವರಿದ್ದರು, ಅತ್ತಿದ್ದರು, ದೇವರ ಮೇಲೆ ಆಣೆ ಇಟ್ಟಿದ್ದರು. ಈ ಹೆಂಗಸು ಜೈಲು ಎದುರಿಗಿದ್ದರೂ ಬರಿದೇ ನಿಂತಿದ್ದಳು.

ಪಕ್ಕದ ಶೆಡ್ಡಿನಿಂದ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಶುರು ಮಾಡಿದರು. ಚಿಕ್ಕಮುನಿಯಪ್ಪ ಬರೆಯುತ್ತಿದ್ದ, ಸುಮಂಗಲಾ ಒಂದೊಂದೇ ಮಷಿನ್ ನೋಡುತ್ತ ಬಂದಳು. ಲೇತ್, ಮಿಲ್ಲಿಂಗ್, ನಾಲ್ಕು ಪವರ್ ಪ್ರೆಸ್. ಎಲ್ಲಕ್ಕೂ ಬುಧವಾರದ ಪೂಜೆಯ ವಿಭೂತಿ, ನಡುವೆ ಕುಂಕುಮ. ಎಲ್ಲಿ ನೋಡಿದರೂ ಮೂರು ಗೆರೆಗಳಲ್ಲಿ ನಡುವಿನದು ಅರ್ಧಕ್ಕೇ ನಿಂತಿತ್ತು.

"ಇದ್ಯಾಕೆ ಹೀಗೆ?"

ಈರಪ್ಪ ಬಲಗೈ ಚಾಚಿದರು. ನಡುಬೆರಳು ಮೇಲಿನ ಗಿಣ್ಣಿಗೇ ಮುಗಿದಿತ್ತು. "ಪ್ರೆಸ್ ತಿಂದಿದ್ದಮ್ಮ, ನಾನು ಆಪರೇಟರ್ ಆಗಿದ್ದಾಗ. ಗೆರೆ ಎಳೆಯುವಾಗ ಈ ಮೋಟು ಬೆರಳು ಅರ್ಧಕ್ಕೇ ಬಿಟ್ಟುಹೋಗುತ್ತೆ. ಈ ಮಷಿನ್‌ಗಳಿಗೆ ವಿಭೂತಿ ಹಚ್ಚೋದು ನಾನೊಬ್ಬನೇ. ಆ ಕೈಯಲ್ಲೇ ಹಚ್ಚಬೇಕು ಅಂತ ನನ್ನ ಹಟ."

ಸುಮಂಗಲಾ ನಿಂತಲ್ಲೇ ನಿಂತಳು. ಆಮೇಲೆ ಕಂಪ್ಯೂಟರಿನ ಕೋಣೆಗೆ ಹಿಂದಿರುಗಿದಳು. ಪೆಟ್ಟಿಗೆಯ ಪಕ್ಕದ ಮುಚ್ಚಳದ ಸಂದಿಗೆ ಅಡ್ಡಲಾಗಿ ವಿಭೂತಿ ಇತ್ತು. ಮೂರು ಗೆರೆ. ಮೂರೂ ಪೂರ್ತಿ.

"ಯಜಮಾನ್ರೆ, ಇದು ನಿಮ್ಮ ಕೈಯಾ?"

ಈರಪ್ಪ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಅಲ್ಲ," ಎಂದರು. ಮುಂದೆ ಏನೋ ಹೇಳಹೊರಟು ತುಟಿ ಕಚ್ಚಿಕೊಂಡರು.

ಯಾರೋ ಪೂಜೆಯ ನಂತರ ಮುಚ್ಚಳ ತೆಗೆದಿದ್ದಾರೆ, ಗೆರೆ ಕೆಟ್ಟಿದೆ, ಮತ್ತೆ ಹಚ್ಚಿದ್ದಾರೆ. ಕಾವ್ಯಾ ಮಷಿನ್ ಶುರುವಾಗುವ ಮೊದಲಿನ ಸೆಟಪ್ ಪುಟ ತೆರೆದಳು. ಅದಕ್ಕೂ ಒಂದು ಪಾಸ್‌ವರ್ಡ್ ಇರಬೇಕಿತ್ತು, ಕೇಳಲೇ ಇಲ್ಲ.

"ಒಳಗೊಂದು ಗುಂಡಿ ಸೆಲ್ ಇರುತ್ತೆ ಮೇಡಂ, ವಾಚಿನದ್ದರ ಥರ. ಅದನ್ನ ತೆಗೆದ್ರೆ ಸೆಟಪ್ ಪಾಸ್‌ವರ್ಡ್ ಮರೆತುಹೋಗುತ್ತೆ. ಆಮೇಲೆ ಬೇರೆ ಸೀಡಿ ಹಾಕಿ ಡಿಸ್ಕ್ ನೋಡಬಹುದು. ಯಾರೋ ಹಾಗೆ ಮಾಡಿದ್ದಾರೆ."

"ಯಾವಾಗ?"

ಕಾವ್ಯಾ ಪರದೆಯ ಮೂಲೆಯನ್ನು ತೋರಿಸಿದಳು. ಜನವರಿ 2, 18.40. "ಸೆಲ್ ತೆಗೆದಾಗ ಗಡಿಯಾರವೂ ಎಲ್ಲ ಮರೆಯುತ್ತೆ. ವಾಪಸ್ ಹಾಕಿದ ಕ್ಷಣದಿಂದ, ಜನವರಿ ಒಂದರ ನಡುರಾತ್ರಿ ಅಂದ್ಕೊಂಡು ಮತ್ತೆ ಎಣಿಸೋಕೆ ಶುರು ಮಾಡುತ್ತೆ."

ಗೋಡೆಯ ಗಡಿಯಾರದಲ್ಲಿ ಸಂಜೆ 5.10. ಸುಮಂಗಲಾ ಬೆರಳ ಮೇಲೆ ಹಿಂದಕ್ಕೆ ಲೆಕ್ಕ ಹಾಕಿದಳು. ಬುಧವಾರ ರಾತ್ರಿ ಹತ್ತೂವರೆ. ತನ್ನನ್ನು ಬಿಚ್ಚಿದ ಗಳಿಗೆಯನ್ನು ಈ ಪೆಟ್ಟಿಗೆ ಎರಡು ದಿನದಿಂದ ಕತ್ತಲಲ್ಲಿ ಎಣಿಸುತ್ತ ಕೂತಿತ್ತು, ಯಾರಾದರೂ ಬಂದು ಕೇಳಲೆಂದು.

ಕಾವ್ಯಾ ಅದೇ ಪುಟದ ಇನ್ನೊಂದು ಸಾಲನ್ನು ದಿಟ್ಟಿಸುತ್ತಿದ್ದಳು. "ಅಕ್ಕಾ, ಪಾಸ್‌ವರ್ಡ್ ಹೇಳ್ಬೇಡಿ. ಅಂಕಿಗಳನ್ನ ಎಲ್ಲಿ ಒತ್ತುತ್ತೀರಿ, ಅದಷ್ಟೇ ತೋರಿಸಿ."

ಭುವನೇಶ್ವರಿ ಸ್ವಲ್ಪ ಯೋಚಿಸಿ, ಬಲಗೈಯನ್ನು ಕೀಲಿಮಣೆಯ ಬಲತುದಿಯ ಅಂಕಿಗಳ ಮೇಲಿಟ್ಟಳು.

"ನಮ್‌ ಲಾಕ್ ಆಫ್ ಆಗಿದೆ ಮೇಡಂ! ಅದು ಆನ್ ಇದ್ರೇನೇ ಈ ಬಲಗಡೆ ಅಂಕಿಗಳು ಕೆಲಸ ಮಾಡೋದು. ಸೆಲ್ ತೆಗೆದಾಗ ಇದೂ ಹೋಗಿದೆ. ಇವರು ಒತ್ತಿದ ಒಂದು ಅಂಕಿಯೂ ಒಳಗೆ ಹೋಗಿಲ್ಲ."

"ಕೀಲಿಮಣೆಯಲ್ಲಿ ಅದರ ದೀಪ ಆರಿದ್ದು ಕಾಣಬೇಕಿತ್ತಲ್ಲ?" ಎಂದಳು ಸುಮಂಗಲಾ.

ಚಿಕ್ಕಮುನಿಯಪ್ಪ ಬಗ್ಗಿ, ದೀಪದ ಜಾಗದಲ್ಲಿ ಗಟ್ಟಿಯಾಗಿದ್ದ ಗಂಧ ಕುಂಕುಮವನ್ನು ಉಗುರಿನಿಂದ ಕೆರೆದ. "ಪೂಜೆ ಜೋರಾಗೇ ಆಗೈತೆ ಕಣಮ್ಮ. ದೀಪಕ್ಕೇ ಮುಚ್ಚಾಕವ್ರೆ."

ಕಾವ್ಯಾ ಆ ಸಾಲನ್ನು ಸರಿಪಡಿಸಿ ಎದ್ದಳು. "ಎಲ್ರೂ ಆ ಕಡೆ ತಿರುಗಿ," ಎಂದಳು ಸುಮಂಗಲಾ. ಇನ್ಸ್‌ಪೆಕ್ಟರ್, ಪಂಚರು, ಅಪ್ಪ, ಮಗ, ಎಲ್ಲರೂ ಗೋಡೆಗೆ ಮುಖ ಮಾಡಿ ನಿಂತರು. ಹಿಂದೆ ಕೀಲಿಗಳ ಸದ್ದು. ಸೋನೆಮಳೆಯಂತೆ ಬಿದ್ದು ನಿಂತಿತು. ಆಮೇಲೆ ವಿಂಡೋಸ್ ತೆರೆಯುವ ಪುಟ್ಟ ರಾಗ.

ಸುಮಂಗಲಾ ತಿರುಗಿ ನೋಡಿದಾಗ ನೀಲಿ ಪರದೆಯ ಮೇಲೆ ನಾಲ್ಕು ವರ್ಷದ ನಕ್ಷೆಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಸೂರ್ಯ ಆರುವ ತನಕ ತೆರೆಯದೆಂದ ಬಾಗಿಲು ಒಬ್ಬಳ ಬೆರಳಿಗೆ ಬೆಣ್ಣೆಯಂತೆ ತೆರೆದಿತ್ತು. ವಿನಾಯಕ್ "ಸಾರಿ" ಎಂದ. ಅದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ವಾಚ್‌ಮನ್ ಗಂಗಪ್ಪನನ್ನು ಕರೆಸಿದರು.

"ಬುಧವಾರ ರಾತ್ರಿ ಒಳಗೆ ಯಾರಿದ್ರು?"

"ಹಣಮಂತಣ್ಣ ಒಬ್ರೇ ಮೇಡಂ. ಪೂಜೆ ದೀಪ ತಾನಾಗೇ ಆರೋವರ್ಗೂ ಕೂತಿರ್ತೀನಿ ಅಂದ್ರು. ಹನ್ನೊಂದಕ್ಕೆ ಹೋದ್ರು. ಇವತ್ತು ರಜ."

ಈರಪ್ಪ ತಲೆ ತಗ್ಗಿಸಿದರು. ಹಣಮಂತ ಅವರ ಸೂಪರ್‌ವೈಸರ್, ಹುನಗುಂದದ ಕಡೆಯವನು; ಅಂದು ಪ್ರೆಸ್ಸಿನ ಸ್ವಿಚ್ ಆರಿಸಿ ಅವರ ಉಳಿದ ಬೆರಳುಗಳನ್ನು ಉಳಿಸಿದವನು.

ರಾತ್ರಿ 8ಕ್ಕೆ ರಾಜಗೋಪಾಲನಗರದ ಬಾಡಿಗೆ ಕೋಣೆಯಲ್ಲಿ ಅವನು ಸಿಕ್ಕಿದ. ರೊಟ್ಟಿ ಮುರಿಯುತ್ತಿದ್ದವನು ಖಾಕಿ ಕಂಡು ಕೈ ತೊಳೆದುಕೊಂಡು ಬಂದ. ಸೀಡಿ ಅವನ ಟ್ರಂಕಿನಲ್ಲೇ ಇತ್ತು.

"ಏನ್ ಬೇಕಾಗಿತ್ತೋ ನಿನಗ?" ಸುಮಂಗಲಾಳಿಗೂ ಊರಿನ ಮಾತು ಬಂತು, ಅವಳು ನವಲಗುಂದದವಳು.

"ಒಂದ್ ಡೈದ ನಕ್ಷಾ ರೀ. ಆ ಡೈ ನಾನs ಮಾಡಿದ್ದು, ನಾಕ್ ತಿಂಗಳ ಅರಾ ಹಿಡದು ತಿಕ್ಕಿ ತಿಕ್ಕಿ. ನಾ ಹೇಳ್ದಂಗ ಭುವನೇಶ್ವರಿ ಅವ್ವಾರು ಕಂಪ್ಯೂಟರ್‌ನಾಗ ಬರಕೊಂಡ್ರು. ಆಮ್ಯಾಲ ಬೀಗ ಬಿತ್ತು. ನಂದs ಕೆಲಸ ನಾ ಒಮ್ಮೆ ನೋಡಂಗಿಲ್ಲ ಅಂತಂದ್ರ ಹೆಂಗ್ರೀ? ಇಲ್ಲೇ ಒಂದ್ ಸಣ್ಣ ಶೆಡ್ ಹಾಕಬೇಕಂತಿದ್ದೆ."

"ಮಾಲಕರನ್ನ ಕೇಳಬೇಕಿಲ್ಲೋ."

"ಕೇಳಿದ್ರ ಕೊಟ್ಟಬಿಡ್ತಿದ್ರು ರೀ. ಅದಕ್ಕs ಕೇಳಲಿಲ್ಲ. ಅವರ ಬೆರಳ ಉಳಿಸಿದ್ದಕ್ಕ ಕೂಲಿ ವಸೂಲಿ ಮಾಡಿದಂಗ ಆಕ್ಕಿತ್ತು."

"ಸಿಕ್ತೇನು?"

"ಎಲ್ಲಿದ್ರೀ. ಡಿಸ್ಕ್ ಖಾಲಿ ಐತಿ ಅಂತ ತೋರಸ್ತು. ಇಷ್ಟೆಲ್ಲಾ ಒಳಗ ಇಟಗೊಂಡು, ಏನೂ ಇಲ್ಲ ಅಂತ ನಿಂತಿತ್ತು ರೀ. ಹೆದರಿಕಿ ಬಂತು. ಮುಚ್ಚಿಬಿಟ್ಟೆ."

"ವಿಭೂತಿ ಮತ್ಯಾಕ ಹಚ್ಚಿದಿ? ಹಂಗs ಬಿಟ್ಟಿದ್ರ ನಮಗ ಗೊತ್ತs ಆಗ್ತಿರಲಿಲ್ಲ."

ಹಣಮಂತ ತನ್ನ ಮೂರು ಬೆರಳುಗಳನ್ನು ನೋಡಿಕೊಂಡ. "ಪೂಜಿ ಆದ ಮಷಿನ್ ರೀ. ಬರೇ ಹಣಿ ಬಿಟ್ಟು ಹೋಗಾಕ ಮನಸ್ಸಾಗಲಿಲ್ಲ."

8.40ಕ್ಕೆ ಅವನ ಬಂಧನವಾಯಿತು. ಹೇಳಿಕೆಯ ಕೊನೆಯಲ್ಲಿ ಸುಮಂಗಲಾ ಬರೆಸಿದಳು: ಆರೋಪಿಯು ತಾನು ಕೈಯಿಂದ ಮಾಡಿದ ವಸ್ತುವಿನ ನಕ್ಷೆಯನ್ನು ನೋಡುವ ಉದ್ದೇಶದಿಂದ ಕೃತ್ಯ ಎಸಗಿರುತ್ತಾನೆ. ಮರುದಿನ ಜಾಮೀನಿಗೆ ಬಂದು ನಿಂತವರು ಈರಪ್ಪನವರೇ.

ಭುವನೇಶ್ವರಿ ತಿಂಗಳ ಕೊನೆಗೆ ಕೆಲಸ ಬಿಟ್ಟಳು. ಹೊರಡುವ ಮುನ್ನ ಅವಳೇ ತೆರೆದುಕೊಟ್ಟ ಕಂಪ್ಯೂಟರಿಗೆ ಹೊಸದಾಗಿ ಬಂದ ಡಿಸೈನರ್ ತನ್ನದೇ ಪಾಸ್‌ವರ್ಡ್ ಹಾಕಿಕೊಂಡ. ಹಳೆಯದನ್ನು ಅವಳು ಯಾರಿಗೂ ಹೇಳಲಿಲ್ಲ.