ದಾರವಿಲ್ಲದ ಸೂಜಿ

ಹೊಲಿಗೆ ಮೆಷಿನ್ ನಿಂತಿತು. ನಿಂತದ್ದೇ ತಡ, ಪಕ್ಕದಲ್ಲಿ ಮಲಗಿದ್ದ ಪುಟ್ಟ ಗುಂಡನ ಕಾಲು ಅಲುಗಾಡಿತು.

"ಅಮ್ಮಾ, ನಿಲ್ಲಿಸ್ಬೇಡ," ಎಂದು ಅವನ ಅಕ್ಕ ಮಿಡತೆ ಪಿಸುಗುಟ್ಟಿದಳು. "ಎದ್ದುಬಿಡ್ತಾನೆ."

"ದಾರ ಮುಗೀತು ಕಣೇ. ಗಾಳೀಲಿ ಹೊಲೀಲಾ?" ಅಮ್ಮ ಖಾಲಿ ರೀಲನ್ನು ಎತ್ತಿ ತೋರಿಸಿದಳು. "ಅಂಗಡಿಗೆ ಹೋಗಿ ಬಿಳಿ ದಾರ ತರ್ತೀನಿ. ನೀನು ಇವನ ಹತ್ರ ಕೂತಿರು. ಎದ್ರೆ ಬಾಳೆಹಣ್ಣು ಕೊಡು. ಮೆಷಿನ್ ಹತ್ರ ಮಾತ್ರ ಬಿಡಬೇಡ. ಕೋಟು ಅದರಲ್ಲೇ ಇದೆ."

ಮಿಡತೆ ತಲೆಯಾಡಿಸಿದಳು. ಕಿವಿ ಅಮ್ಮನ ಕಡೆ ಇತ್ತು, ಕಣ್ಣು ಕಿಟಕಿಯ ಆಚೆ ಇತ್ತು.

ಕಿಟಕಿಯ ಕೆಳಗೇ ಮೈದಾನ. ಇವತ್ತು ಹಿಂದಿನ ಬೀದಿಯವರ ಜೊತೆ ಫುಟ್‌ಬಾಲ್ ಮ್ಯಾಚ್. ಗೋಲ್‌ಕೀಪರ್ ಯಾರು ಅಂದರೆ ಮಿಡತೆ. ಆ ಹೆಸರು ಬಂದದ್ದೇ ಅಲ್ಲಿ. ಬಾಲ್ ಎಲ್ಲಿಗೆ ಬಂದರೆ ಅಲ್ಲಿಗೆ ಹಾರುತ್ತಾಳೆ. ಮನೆಯಲ್ಲೂ ಅಷ್ಟೇ, ಒಂದು ಕಡೆ ಕೂತವಳಲ್ಲ. "ನಿನ್ನ ಕಾಲಿಗೆ ಯಾರಾದ್ರೂ ಚಕ್ರ ಕಟ್ಟಿದ್ದಾರಾ?" ಎಂದು ಅಪ್ಪ ಕೇಳುತ್ತಲೇ ಇರುತ್ತಾನೆ. ಅಪ್ಪ ಬಸ್ ಡ್ರೈವರ್. ಅವನಿಗೆ ಚಕ್ರದ್ದೇ ಯೋಚನೆ.

ಅಮ್ಮ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಮನೆಯಲ್ಲಿ ಸದ್ದೇ ಇಲ್ಲದಂತಾಯಿತು. ಗುಂಡನ ಇನ್ನೊಂದು ಕಾಲೂ ಅಲುಗಾಡಿತು.

ಬೇರೆ ಮಕ್ಕಳು ಸದ್ದಾದರೆ ಏಳುತ್ತವೆ. ಗುಂಡ ಸದ್ದು ನಿಂತರೆ ಏಳುತ್ತಾನೆ. ಅವನಿಗೆ ಲಾಲಿ ಬೇಡ, ತೊಟ್ಟಿಲು ಬೇಡ, ಅಮ್ಮನ ಮೆಷಿನ್ನಿನ ಟಕಟಕ ಬೇಕು. ಹೊಟ್ಟೆಯಲ್ಲಿದ್ದಾಗಿನಿಂದ ಅದನ್ನೇ ಕೇಳಿಕೊಂಡು ಬಂದಿದ್ದಾನೆ ಎನ್ನುತ್ತಾಳೆ ಅಮ್ಮ. ಭಾನುವಾರ ಮೆಷಿನ್ನಿಗೆ ರಜೆ. ಅವತ್ತು ಗುಂಡನ ಮಧ್ಯಾಹ್ನದ ನಿದ್ದೆಗೂ ರಜೆ.

ನಿದ್ದೆ ಅರ್ಧಕ್ಕೆ ಕೆಟ್ಟರಂತೂ ಮುಗಿಯಿತು. ಅಕ್ಕನ ಕಾಲನ್ನು ಅಂಟಿನ ಹಾಗೆ ಹಿಡಿದುಕೊಳ್ಳುತ್ತಾನೆ. ಆಮೇಲೆ ಅಮ್ಮ ಬಂದರೂ ಬಿಡುವುದಿಲ್ಲ, ಅಪ್ಪ ಬಂದರೂ ಬಿಡುವುದಿಲ್ಲ.

"ಮಿಡತೇ!" ಕೆಳಗಿನಿಂದ ಸೋಡಾಬುಡ್ಡಿಯ ಕೂಗು ಬಂತು. ಸೋಡಾಬುಡ್ಡಿ ಅಂದರೆ ಟೀಮಿನ ಕ್ಯಾಪ್ಟನ್. ದಪ್ಪ ಕನ್ನಡಕದ ಹುಡುಗಿ, ಗಂಟಲೂ ಅಷ್ಟೇ ದಪ್ಪ.

ಮಿಡತೆ ಓಡಿಹೋಗಿ ಕಿಟಕಿಯಲ್ಲಿ ತುಟಿಯ ಮೇಲೆ ಬೆರಳಿಟ್ಟಳು.

"ಬರ್ತೀಯೋ ಇಲ್ವೋ ಹೇಳು. ಹಾಫ್‌ಟೈಮ್ ಒಳಗೆ ಬರದಿದ್ರೆ ಬೇರೆಯವರನ್ನ ನಿಲ್ಲಿಸ್ತೀನಿ. ಆಮೇಲೆ ನನ್ನ ಹತ್ರ ಅಳಬೇಡ."

"ಅಮ್ಮ ಬಂದ ತಕ್ಷಣ ಬರ್ತೀನಿ ಕಣೇ," ಎಂದು ಮಿಡತೆ ಕೈಸನ್ನೆಯಲ್ಲೇ ಹೇಳಿದಳು.

ಹಿಂದೆ ಗುಂಡ "ಊಂ" ಎಂದ. ಮುಖ ಕಿವುಚಿದ. ಇನ್ನೇನು ಕಣ್ಣು ಬಿಡಬೇಕು.

ಮಿಡತೆಗೆ ಮೈಮೇಲೆಲ್ಲ ಇರುವೆ ಹರಿದಂತಾಯಿತು. ಗುಂಡನ ಬೆನ್ನು ತಟ್ಟಿದಳು. ಅವನು ಕೈ ತಳ್ಳಿದ. ಕಿಟಕಿ ನೋಡಿದಳು, ಬಾಗಿಲು ನೋಡಿದಳು, ಕೊನೆಗೆ ಮೆಷಿನ್ ನೋಡಿದಳು.

ಸೂಜಿಯ ಕೆಳಗೆ ಬಿಳಿ ಕೋಟು ಮಲಗಿತ್ತು. ಅದು ಕೆಳಗಿನ ಮನೆಯ ಅಕ್ಕನದು. ಅವಳು ನಾಳೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರುತ್ತಾಳೆ. ಅವಳಿಗೆ ಅದು ಮೊದಲ ಕೆಲಸ, ಮೊದಲ ಕೋಟು. ಸಂಜೆ ತೆಗೆದುಕೊಂಡು ಹೋಗಲು ಬರುತ್ತಾಳೆ.

ಮಿಡತೆ ಬಗ್ಗಿ ನೋಡಿದಳು. ಸೂಜಿಯಲ್ಲಿ ದಾರವಿಲ್ಲ. ಕೆಳಗಿನ ಬಾಬಿನ್ನಿನಲ್ಲೂ ಇಲ್ಲ. ದಾರವೇ ಇಲ್ಲ ಅಂದಮೇಲೆ ಹೊಲಿಗೆ ಎಲ್ಲಿಂದ ಬೀಳುತ್ತೆ? ಬರೀ ಸದ್ದು ತಾನೇ?

ಸ್ಟೂಲ್ ಮೇಲೆ ಕೂತಳು. ಕಾಲು ಪೆಡಲ್ಲಿಗೆ ಇಟ್ಟಳು. ಟಕ. ಟಕಟಕ. ಟಕಟಕಟಕ.

ಗುಂಡ ನಿಟ್ಟುಸಿರು ಬಿಟ್ಟು, ಹೆಬ್ಬೆರಳು ಬಾಯಿಗಿಟ್ಟುಕೊಂಡು ಮತ್ತೆ ಮಲಗಿದ.

ಮಿಡತೆ ಗೆದ್ದೆ ಎಂದುಕೊಂಡಳು. ಕೂತಲ್ಲಿಂದಲೇ ಮೈದಾನ ಚೆನ್ನಾಗಿ ಕಾಣುತ್ತಿತ್ತು. ಹಿಂದಿನ ಬೀದಿಯ ಉದ್ದ ಕಾಲಿನ ಹುಡುಗ ಬಾಲ್ ತಳ್ಳಿಕೊಂಡು ಬಂದ. ಅವಳ ಕಾಲು ಜೋರಾಯಿತು. ಸೋಡಾಬುಡ್ಡಿ ಅಡ್ಡ ಬಂದಳು, ಬಿದ್ದಳು, ಎದ್ದಳು. ಮೆಷಿನ್ ಇನ್ನೂ ಜೋರಾಯಿತು. ಬಾಲ್ ಕಂಬಕ್ಕೆ ಬಡಿದು ಹೊರಗೆ ಹೋದಾಗ ಮಿಡತೆ ಉಸಿರು ಬಿಟ್ಟು ಕಾಲು ನಿಲ್ಲಿಸಿದಳು. ಆಗ ಕೋಟಿನ ಕಡೆ ನೋಡಿದಳು.

ಕೋಟು ಇದ್ದ ಜಾಗದಲ್ಲಿ ಇರಲಿಲ್ಲ. ಮೆಷಿನ್ ಅದನ್ನು ಎಳೆದುಕೊಂಡು ಹೋಗಿತ್ತು. ಬಿಳಿ ಬಟ್ಟೆಯ ಮೇಲೆ ಸೊಂಟದಿಂದ ಎದೆಯವರೆಗೆ ಸಣ್ಣ ಸಣ್ಣ ತೂತುಗಳು, ಸೊಟ್ಟಂಬಟ್ಟೆ ಸಾಲಾಗಿ ನಡೆದುಕೊಂಡು ಹೋಗಿದ್ದವು. ಒಂದಲ್ಲ, ಎರಡಲ್ಲ. ಎಣಿಸಲು ಅವಳಿಗೆ ಧೈರ್ಯ ಸಾಲಲಿಲ್ಲ.

ಕೈಯಿಂದ ಉಜ್ಜಿದಳು. ಹೋಗಲಿಲ್ಲ. ಎಳೆದು ನೋಡಿದಳು. ತೂತುಗಳು ಇನ್ನೂ ಕಣ್ಣು ಬಿಟ್ಟವು.

"ಅಕ್ಕಾ," ಎಂದ ಗುಂಡ. ಮೆಷಿನ್ ನಿಂತಿತ್ತಲ್ಲ, ಎದ್ದಿದ್ದ. ಎದ್ದವನು ಅವತ್ತು ಅಳಲೂ ಇಲ್ಲ. ತೂರಾಡುತ್ತ ಬಂದು ನೆಟ್ಟಗೆ ಮೆಷಿನ್ನಿನ ಕೆಳಗೆ ನುಸುಳಿದ. ಅದು ಅವನಿಗೆ ಇಷ್ಟದ ಜಾಗ. ಎರಡೂ ಕೈ ಪೆಡಲ್ಲಿನ ಮೇಲಿಟ್ಟು, "ತಕತಕ" ಎಂದ.

ಅದೇ ಹೊತ್ತಿಗೆ ಬಾಗಿಲು ತೆರೆಯಿತು.

ಅಮ್ಮ ಕೋಟನ್ನು ನೋಡಿದಳು. ಕೈಯಲ್ಲಿದ್ದ ದಾರದ ರೀಲು ಕೆಳಗೆ ಬಿದ್ದು ಉರುಳಿಕೊಂಡು ಹೋಯಿತು. ಅದನ್ನು ಎತ್ತಿಕೊಳ್ಳಬೇಕೆಂದು ಅವಳಿಗೆ ತೋಚಲೇ ಇಲ್ಲ.

"ಯಾರು ಮಾಡಿದ್ದು ಇದು?"

"ನಾ!" ಎಂದ ಗುಂಡ, ಎದೆ ತಟ್ಟಿಕೊಂಡು.

ಗುಂಡನಿಗೆ ಒಂದೂವರೆ ವರ್ಷ. ಬರುವ ಮಾತು ಬೆರಳೆಣಿಕೆಯಷ್ಟು. ಅದರಲ್ಲಿ 'ನಾ' ಅಂದರೆ ಪ್ರಾಣ. ಅಪ್ಪ ಕಲಿಸಿದ ಆಟ ಅದು. ಯಾರು ರಾಜ? ನಾ. ಯಾರು ಕೋತಿ? ನಾ. ಯಾರು ಅಂತ ಕೇಳಿದರೆ ಸಾಕು, ಏನು ಎತ್ತ ಎಂದು ನೋಡುವುದಿಲ್ಲ, ಎದೆ ತಟ್ಟಿಕೊಳ್ಳುತ್ತಾನೆ. ಮೊನ್ನೆ ಅಪ್ಪ ಕಾಫಿ ಚೆಲ್ಲಿದಾಗಲೂ 'ನಾ' ಎಂದಿದ್ದ. ಅಪ್ಪ ತೆಪ್ಪಗೆ ಇದ್ದುಬಿಟ್ಟಿದ್ದ. ಆಗ ಎಲ್ಲರೂ ನಕ್ಕಿದ್ದರು.

ಇವತ್ತು ಯಾರೂ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಗೆ ಮಿಡತೆ ತನ್ನ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಬಾಯಿ ಮಾತ್ರ ತೆರೆಯಲಿಲ್ಲ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲ್ ಮೇಲೆ ಕುಸಿದು ಕೂತು, "ಇವನಿಗೇನು ಗೊತ್ತಾಗುತ್ತೆ. ಕೋಟನ್ನ ಹಾಗೇ ಬಿಟ್ಟು ಹೋದ ನನಗೆ ಬುದ್ಧಿ ಇಲ್ಲ," ಎಂದಳು. ಆಮೇಲೆ ಮಂಚದ ಪಕ್ಕದ ಮೂಲೆಯಲ್ಲಿ ಎರಡು ಕುರ್ಚಿ ಅಡ್ಡ ಇಟ್ಟು, ಗುಂಡನನ್ನು ಎತ್ತಿ ಅದರ ಒಳಗೆ ಕೂರಿಸಿದಳು. "ಕೆಲಸ ಮುಗಿಯೋವರೆಗೂ ನೀನು ಅಲ್ಲೇ ಇರು ಕಂದ."

ಮಿಡತೆಯ ಕಡೆ ತಿರುಗಿದಳು. "ನೀನು ಹೋಗು. ಪಾಪ, ಆಗಿನಿಂದ ಕಾಯ್ತಾ ಕೂತಿದ್ದೀಯ. ಆಡ್ಕೊಂಡು ಬಾ."

ಆ 'ಪಾಪ' ಎನ್ನುವ ಮಾತು ಮಿಡತೆಗೆ ಸೂಜಿಗಿಂತ ಚೂಪಾಗಿ ಚುಚ್ಚಿತು. ಆದರೂ ಅವಳು ಓಡಿದಳು. ಮೆಟ್ಟಿಲು ಹಾರಿ ಹಾರಿ ಓಡಿದಳು.

"ಬಂದ್ಯಾ ಮಹಾರಾಣಿ," ಎಂದು ಸೋಡಾಬುಡ್ಡಿ ಗ್ಲೌಸ್ ಎಸೆದಳು.

ಗೋಲಿನ ಮುಂದೆ ನಿಂತದ್ದಾಯಿತು. ಬೇಕಾದದ್ದು ಸಿಕ್ಕಿತ್ತು. ಆದರೆ ಮನೆಯಲ್ಲಿದ್ದಾಗ ಮನಸ್ಸು ಮೈದಾನದಲ್ಲಿತ್ತು, ಈಗ ಮೈದಾನಕ್ಕೆ ಬಂದರೆ ಮನೆಯಲ್ಲೇ ಉಳಿದುಕೊಂಡಿತ್ತು. ಒಂದು ಕಾಲ ಮೇಲೆ ನಿಂತಳು, ಇನ್ನೊಂದು ಕಾಲಿಗೆ ಬದಲಾಯಿಸಿದಳು. ಗ್ಲೌಸ್ ಬಿಚ್ಚಿದಳು, ಹಾಕಿಕೊಂಡಳು. ಯಾವಾಗಲೂ ಮೈದಾನಕ್ಕೆ ಕೇಳುತ್ತಿದ್ದ ಮೆಷಿನ್ನಿನ ಸದ್ದು ಇವತ್ತು ಕೇಳುತ್ತಿರಲಿಲ್ಲ. ಗುಂಡ ಅಳುವುದು ಕೇಳುತ್ತಿತ್ತು.

"ಅಕ್ಕಾ... ಅಕ್ಕಾ..."

ಅಮ್ಮಾ ಎಂದು ಕರೆಯುತ್ತಿರಲಿಲ್ಲ. ಕುರ್ಚಿ ಅಡ್ಡ ಇಟ್ಟವಳು ಅಮ್ಮ. ಬಿಡಿಸುವವಳು ಅಕ್ಕ ಎಂದು ಅವನ ಲೆಕ್ಕ.

ಬಾಲ್ ಅವಳ ಪಕ್ಕದಲ್ಲೇ ಉರುಳಿಕೊಂಡು ಗೋಲಿನ ಒಳಗೆ ಹೋಯಿತು. ಗುಂಡನೂ ಹಿಡಿಯಬಹುದಾದಂಥ ಬಾಲ್.

"ಏಯ್, ನಿನ್ನ ಧ್ಯಾನ ಎಲ್ಲಿದೆ?" ಎಂದಳು ಸೋಡಾಬುಡ್ಡಿ.

ಮಿಡತೆ ಗ್ಲೌಸ್ ಬಿಚ್ಚಿ ಅವಳ ಕೈಗಿಟ್ಟಳು. "ನನಗೆ ಮನೇಲಿ ಕೆಲಸ ಇದೆ."

"ಈಗ ತಾನೇ ಬಂದೆಯಲ್ಲೇ."

ಮಿಡತೆ ಆಗಲೇ ಮೆಟ್ಟಿಲ ಮೇಲಿದ್ದಳು. ಈ ಸಲ ಹಾರಲಿಲ್ಲ. ಒಂದೊಂದೇ ಹತ್ತಿದಳು.

ಅಮ್ಮ ಕೋಟನ್ನು ಮೆಷಿನ್ನಿನಿಂದ ತೆಗೆದು ಮೇಜಿನ ಮೇಲೆ ಹರಡಿಕೊಂಡು ನಿಂತಿದ್ದಳು. ಮಿಡತೆ ನೇರವಾಗಿ ಹೋಗಿ ಕುರ್ಚಿ ಸರಿಸಿ ಗುಂಡನನ್ನು ಎತ್ತಿಕೊಂಡಳು. ಅವನ ಮುಖವೆಲ್ಲ ಕಣ್ಣೀರು, ಮೂಗಿನ ನೀರು. ಎರಡನ್ನೂ ಅವಳ ಹೆಗಲಿಗೆ ಒರೆಸಿದ.

"ಬಿಡಬೇಡ ಕಣೇ ಅವನನ್ನ. ಮತ್ತೆ ಪೆಡಲ್ ಒತ್ತಾನೆ," ಎಂದಳು ಅಮ್ಮ.

ಮಿಡತೆ ಗುಂಡನನ್ನು ಮೆಷಿನ್ ಹತ್ತಿರ ಇಳಿಸಿ, ಅವನ ಪುಟ್ಟ ಕಾಲನ್ನು ಪೆಡಲ್ಲಿನ ಮೇಲಿಟ್ಟಳು. ಗುಂಡ ಖುಷಿಯಿಂದ ಒತ್ತಿದ. ಕೈಯಲ್ಲೂ ಒತ್ತಿದ. ಮೇಲೆ ಕೂತೂ ನೋಡಿದ. ಚಕ್ರ ಅಲುಗಲಿಲ್ಲ.

ಆಮೇಲೆ ಅವಳು ತನ್ನ ಕಾಲನ್ನಿಟ್ಟಳು. ಚಕ್ರ ಗಿರ್ರನೆ ತಿರುಗಿತು.

ಅಮ್ಮ ಚಕ್ರ ನಿಲ್ಲುವವರೆಗೂ ನೋಡಿದಳು.

"ಅವನು ಏಳ್ತಾ ಇದ್ದ ಅಮ್ಮ," ಎಂದಳು ಮಿಡತೆ. ತಲೆ ಎತ್ತಲಿಲ್ಲ. "ಸದ್ದು ಬೇಕಾಗಿತ್ತು. ನಾನು ಆಡೋಕೆ ಹೋಗಬೇಕಿತ್ತು. ದಾರ ಇರಲಿಲ್ಲ, ಏನೂ ಆಗಲ್ಲ ಅಂದ್ಕೊಂಡೆ."

"ದಾರ ಇರಲಿಲ್ಲ. ಸೂಜಿ ಇತ್ತಲ್ಲ."

ಮಿಡತೆಗೆ ಅಳು ಬಂತು. ಇಷ್ಟು ಹೊತ್ತು ಎಲ್ಲಿತ್ತೋ, ಒಟ್ಟಿಗೇ ಬಂತು.

"ನಂಗೆ ಸಿಟ್ಟು ಬಂದಿದೆ," ಎಂದಳು ಅಮ್ಮ. "ಈ ಮಗು ಮೇಲೆ ಹಾಕಿ ಹೋದೆಯಲ್ಲ, ಅದಕ್ಕೆ ಜಾಸ್ತಿ ಬಂದಿದೆ. ಆದ್ರೆ ಸಿಟ್ಟು ಮಾಡ್ಕೊಂಡು ಕೂತ್ರೆ ಕೋಟು ಆಗಲ್ಲ. ಸೋಪು ಹಾಕಿ ಕೈ ತೊಳ್ಕೊಂಡು ಬಾ. ಉಗುರನ್ನೂ ತೊಳಿ."

ಉಗುರು ಯಾಕೆ ಎಂದು ಆಮೇಲೆ ಗೊತ್ತಾಯಿತು. ಹತ್ತಿ ಬಟ್ಟೆಯಲ್ಲಿ ಸೂಜಿ ಮಾಡಿದ ತೂತಿನಲ್ಲಿ ನೂಲು ಹೆಚ್ಚಾಗಿ ಹರಿದಿರುವುದಿಲ್ಲ, ಪಕ್ಕಕ್ಕೆ ಸರಿದಿರುತ್ತದೆ. ತೂತಿನ ಮೇಲೆ ನೀರು ಹಚ್ಚಿ, ಉಗುರಿನಿಂದ ಮೆಲ್ಲಗೆ ಹಾಗೂ ಹೀಗೂ ಕೆರೆದರೆ, ಸರಿದ ನೂಲು ತನ್ನ ಜಾಗಕ್ಕೆ ವಾಪಸು ಬರುತ್ತದೆ. ಆಮೇಲೆ ಇಸ್ತ್ರಿ.

"ಜೋರಾಗಿ ಕೆರೆದ್ರೆ ನಿಜವಾಗ್ಲೂ ಹರಿಯುತ್ತೆ. ಅವಸರ ಮಾಡಬೇಡ," ಎಂದಳು ಅಮ್ಮ. "ಕೆಳಗಡೆ ಇರೋದು ಜೇಬಿನ ಅಡಿಗೆ ಹೋಗುತ್ತೆ, ನಾನು ಜೇಬನ್ನ ಸ್ವಲ್ಪ ದೊಡ್ಡದು ಮಾಡ್ತೀನಿ. ಮೇಲಿನದೆಲ್ಲ ನಿಂದು."

ಅವಸರ ಮಾಡಬೇಡ ಎಂದರೆ ಮಿಡತೆಗೆ ಮೈ ಕಟ್ಟಿಹಾಕಿದಂತೆ. ಒಂದು ತೂತು ಮುಚ್ಚುವಷ್ಟರಲ್ಲಿ ಕಾಲು ಜುಮ್ಮೆಂದಿತು. ಇನ್ನೊಂದು ಮುಚ್ಚುವಷ್ಟರಲ್ಲಿ ಮೂಗು ತುರಿಸಿತು. ಕೆಳಗೆ ಯಾರೋ ಗೋಲು ಹೊಡೆದರು. ಯಾರು ಎಂದು ಎದ್ದು ನೋಡಬೇಕೆನಿಸಿತು. ನೋಡಲಿಲ್ಲ. ಗುಂಡ ಅವಳ ತೊಡೆಯೇರಿ ಕೂತು, ತನ್ನ ಪುಟ್ಟ ಬೆರಳಿನಿಂದ ಅವಳ ಲಂಗವನ್ನು ಕೆರೆಯತೊಡಗಿದ. ನಾಲಿಗೆ ಹೊರಗೆ ಹಾಕಿಕೊಂಡು, ಬಹಳ ದೊಡ್ಡ ಕೆಲಸದ ಹಾಗೆ ಕೆರೆದ. ಮಿಡತೆ ತನ್ನ ಬಾಯಿ ಮುಟ್ಟಿ ನೋಡಿಕೊಂಡಳು. ಅವಳ ನಾಲಿಗೆಯೂ ಹೊರಗೇ ಇತ್ತು.

ಅಮ್ಮ ಹೊಸ ದಾರ ಪೋಣಿಸಿ ಮೆಷಿನ್ ಶುರುಮಾಡಿದಳು. ಒಂದೆರಡು ತೂತು ಪೂರ್ತಿ ಮುಚ್ಚಲಿಲ್ಲ. ಅಲ್ಲಿ ಅಮ್ಮ ಅದೇ ಬಟ್ಟೆಯ ಪಟ್ಟಿಯೊಂದನ್ನು ಹೊಲಿದಳು, ಪೆನ್ನು ಸಿಕ್ಕಿಸಿಕೊಳ್ಳಲು. ಹೊರಗೆ ಮ್ಯಾಚ್ ಮುಗಿದು ಸದ್ದು ಅಡಗಿತು. ಯಾರು ಗೆದ್ದರೋ ನಾಳೆ ಕೇಳಬೇಕು.

ಕೆಳಗಿನ ಮನೆಯ ಅಕ್ಕ ಬಂದಾಗ ಇಸ್ತ್ರಿ ಮಾಡಿದ ಕೋಟು ಇನ್ನೂ ಬೆಚ್ಚಗಿತ್ತು. ಅಮ್ಮ ಏನನ್ನೂ ಮುಚ್ಚಿಡಲಿಲ್ಲ. "ಸೂಜಿ ತಪ್ಪಾಗಿ ಓಡಿ ತೂತು ಬಿದ್ದುಬಿಡ್ತು ಕಣಮ್ಮ. ಇಲ್ಲಿ ನೋಡು, ಸರಿಮಾಡಿದ್ದೀವಿ. ಬೇಡ ಅನ್ನಿಸಿದ್ರೆ ಬೇರೆ ಬಟ್ಟೆ ತಂದು ಹೊಲಿದುಕೊಡ್ತೀನಿ," ಎಂದಳು.

ಅಕ್ಕ ಕೋಟನ್ನು ಬೆಳಕಿಗೆ ಹಿಡಿದು ನೋಡಿದಳು. ತೊಟ್ಟು ನೋಡಿದಳು. ದೊಡ್ಡ ಜೇಬಿನಲ್ಲಿ ಎರಡೂ ಕೈ ಇಳಿಸಿ, ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದಳು. "ಎಲ್ಲಿ ತೂತು? ನನಗೇನೂ ಕಾಣಿಸ್ತಿಲ್ಲ ಆಂಟಿ. ಯಾರು ಇಷ್ಟು ನೀಟಾಗಿ ಮಾಡಿದ್ದು?"

"ನಾ!" ಎಂದ ಗುಂಡ, ಎದೆ ತಟ್ಟಿಕೊಂಡು.

ಅಮ್ಮ ಮಿಡತೆಯ ಮುಖ ನೋಡಿದಳು.

ಮಿಡತೆಯ ಬೆರಳ ತುದಿ ಉರಿಯುತ್ತಿತ್ತು. ಉಗುರಿನ ಸಂದಿಯಲ್ಲಿ ಬಿಳಿ ನೂಲಿನ ಎಳೆಯೊಂದು ಇನ್ನೂ ಅಂಟಿಕೊಂಡಿತ್ತು. ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಹೌದಕ್ಕಾ," ಎಂದಳು. "ಅವನೇ ಮಾಡಿದ್ದು."