ಫೋನ್ ಕವರಿನ ಹಿಂದಿನ ಚೀಟಿ

ಮೊದಲೇ ಕ್ಷಮೆ ಕೇಳುತ್ತೇನೆ ಸಾರ್. ಇಂಥದನ್ನು ಹೇಳಲು ಎದೆಗಾರಿಕೆ ಬೇಕು. ನನಗದು ಕಡಿಮೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು ನಾನು, ಒಂದು ಅರ್ಜಿ ಬರೆದರೂ ಮೂರು ಸಲ ತಿದ್ದುತ್ತೇನೆ. ಆದರೂ ಹೇಳಲೇಬೇಕು... ತಪ್ಪಿನಲ್ಲಿ ಅರ್ಧ ನನ್ನದು.

ಕಟಿಂಗ್ ಮಷೀನ್ ಗುಂಯ್‌ಗುಡುತ್ತಿತ್ತು.

ಅದರ ಬ್ಲೇಡು ನನ್ನ ಬಲಗೈ ಹೆಬ್ಬೆರಳಿನಿಂದ ಎರಡೇ ಇಂಚು ದೂರ!

"ಫೋನ್ ಲಾಕ್ ತೆಗೀಲೇ ಅಂಜಿನಿ," ಅಂದ ಬಾಲರಾಜು. "ನೂರು ಪದರ ಜೀನ್ಸ್ ಬಟ್ಟಿ ಕೊಯ್ಯೋ ಮಿಷನ್ ಇದು. ನಿನ್ನ ಬೆರಳು ಯಾವ ಲೆಕ್ಕ?"

"ಬೆರಳು ಹೋದ್ರ ಲಾಕ್ ಹೆಂಗ ತೆಗೀಲಣ್ಣ?"

"ಎಡಗೈ ಐತಲ್ಲ!"

ನನಗೆ ನಗು ಬರಲಿಲ್ಲ.

ಬಾಲರಾಜು ರಾಯದುರ್ಗದ ಈ ಜೀನ್ಸ್ ಯುನಿಟ್ಟಿನ ಸೂಪರ್‌ವೈಸರ್. ನಾನು ಬಸ್ ಸ್ಟ್ಯಾಂಡ್ ಎದುರು ಮೇಜು ಹಾಕಿಕೊಂಡು ಜನರ ಮೊಬೈಲ್ ವಾಲೆಟ್ ರಿಪೇರಿ ಮಾಡುವವನು. ಕಳಿಸಿದ ಹಣ ತಲುಪಲಿಲ್ಲವೇ? ಪಿನ್ ಬ್ಲಾಕ್ ಆಯಿತೇ? ನನ್ನ ಹತ್ತಿರ ಬರುತ್ತಾರೆ.

ಇದಕ್ಕೆ ಮೂರು ದಿನ ಮೊದಲು, ಸೋಮವಾರ, ಓಬಕ್ಕ ಹಾಗೇ ಬಂದಿದ್ದಳು. ಗುಮ್ಮಘಟ್ಟದಿಂದ ದಿನಾ ಶೇರ್ ಆಟೋದಲ್ಲಿ ಬಂದು ಇದೇ ಯುನಿಟ್ಟಿನಲ್ಲಿ ಪ್ಯಾಂಟಿನ ಜೇಬು ಹೊಲಿಯುವವಳು.

"ಅಂಜಿನಿ, ನನ್ನ ವಾಲೆಟ್ಟಿಗೆ ಏನಾಗೈತಿ ನೋಡಪ್ಪ. ಹಾಲಿನವ್ಗ ಮೂವತ್ತು ರೂಪಾಯಿ ಹೋಗವಲ್ದು."

ನೋಡಿದೆ. ಅಕೌಂಟ್ ರಿಸ್ಟ್ರಿಕ್ಟೆಡ್!

ಪಿನ್ ತಪ್ಪಾದರೆ ಹೀಗಾಗುವುದಿಲ್ಲ. ಪೊಲೀಸ್ ದೂರು ಬಿದ್ದರೆ ಹೀಗಾಗುತ್ತದೆ. ದೂರದ ಯಾವುದೋ ಊರಿನಲ್ಲಿ ಯಾರಿಗೋ ಫೋನಿನಲ್ಲಿ ಮೋಸ ಮಾಡಿ ಕಿತ್ತ ಹಣ ಓಬಕ್ಕನ ವಾಲೆಟ್ಟಿಗೆ ಬಂದಿತ್ತು. ಐದೇ ನಿಮಿಷದಲ್ಲಿ ಹೊರಗೂ ಹೋಗಿತ್ತು. ಒಂದು ಸಲವಲ್ಲ... ಒಂಬತ್ತು ಸಲ!

"ಸ್ಟೇಷನ್ನಿಂದ ಫೋನ್ ಬಂದಿತ್ತು," ಅಂದಳು. "ಶುಕ್ರವಾರ ಬರಬೇಕಂತ. ನಮ್ಮ ಹೊಲಿಗಿ ಲೈನಿನ ಹೆಂಗಸ್ರು ಆಗ್ಲೇ ನನ್ನ ಕೂಡ ಬುತ್ತಿ ಬಿಚ್ಚಾದು ಬಿಟ್ಟಾರ. ಕಳ್ಳಿ ಅಂತಾರ. ಆಟೋದಾಗ ಸರಿದು ಕುಂದರ್ತಾರ... ನಾ ಯಾರ್ದು ಏನು ತಗೊಂಡೀನೋ?"

ವ್ಯವಹಾರಗಳ ಸಮಯ ನೋಡಿದೆ. ಎಲ್ಲ ಬೆಳಿಗ್ಗೆ ಹನ್ನೊಂದರ ಆಸುಪಾಸು. ಭಾನುವಾರ ಒಂದೂ ಇಲ್ಲ.

"ಹನ್ನೊಂದಕ್ಕ ಎಲ್ಲಿರ್ತೀಯಕ್ಕ?"

"ಮಿಷನ್ ಮುಂದ. ಫೋನು ಗೇಟಿನ ಪೆಟ್ಟಿಗ್ಯಾಗ. ಕೆಲಸಕ್ಕ ನಿಂತ್ರ ಫೋನ್ ಅಲ್ಲಿ ಹಾಕ್ಬೇಕು, ಗೊತ್ತಿಲ್ಲೇನು? ಬೀಗದಕೈ ಬಾಲರಾಜನ ಹತ್ರ."

ಫೋನಿನ ಕವರ್ ಬಿಚ್ಚಿದೆ.

ಹಿಂದೆ ಒಂದು ಚೀಟಿ. ಮೇಲಿನ ಸಾಲಿನಲ್ಲಿ ಫೋನಿನ ಲಾಕ್. ಕೆಳಗೆ ವಾಲೆಟ್ ಪಿನ್. ದುಂಡಗಿನ, ಅಚ್ಚುಕಟ್ಟಾದ ಅಕ್ಷರ.

ನನ್ನ ಅಕ್ಷರ!

ಪಿನ್ ಮರೆತು ಮತ್ತೆಮತ್ತೆ ಬರುತ್ತಿದ್ದ ಹೆಂಗಸರಿಗೆಲ್ಲ ನಾನೇ ಹೀಗೆ ಬರೆದು ಕವರಿನ ಹಿಂದೆ ಇಟ್ಟುಕೊಟ್ಟಿದ್ದೆ. ಉಪಕಾರ ಅಂದುಕೊಂಡಿದ್ದೆ. ಅದಕ್ಕೆ ಹತ್ತು ರೂಪಾಯಿಯನ್ನೂ ತೆಗೆದುಕೊಂಡಿರಲಿಲ್ಲ.

ಆ ರಾತ್ರಿ ಊಟ ಸೇರಲಿಲ್ಲ. ಬೆಳಗಾಗುವ ಹೊತ್ತಿಗೆ ಹೆದರಿಕೆ ಹೋಗಿ ಸಿಟ್ಟು ಉಳಿದಿತ್ತು. ಬಾಲರಾಜನನ್ನು ಬಿಡಬಾರದು!

ಓಬಕ್ಕನ ವಾಲೆಟ್ಟಿನಿಂದ ಹಣವೆಲ್ಲ ಹೋಗಿದ್ದು ಮಡಕಶಿರಾದ ಒಂದು ಫ್ಯಾನ್ಸಿ ಸ್ಟೋರಿಗೆ. ಮಂಗಳವಾರ ಮೊದಲ ಬಸ್ಸು ಹತ್ತಿದೆ. ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸು.

ಅಂಗಡಿಯ ಪಾಲಯ್ಯ ಬಳೆ ಒರೆಸುತ್ತಿದ್ದ.

"ಜೇಬು ಹೊಲಿಯೋ ಹೆಂಗಸು ನಿಮ್ಮಲ್ಲಿ ಒಂದೂಮುಕ್ಕಾಲು ಲಕ್ಷದ ಬಳೆ ತಗೊಂಡಾಳೇನ್ರಿ?" ಅಂದೆ.

ಅವನ ಕೈ ನಿಂತಿತು. "ನೀನ್ಯಾವನಪ್ಪ?"

"ಆ ಹಣ ಕದ್ದದ್ದು. ನಾಳೆ ನಿಮ್ಮ ಕ್ಯೂಆರ್ ಕೂಡ ಬಂದ್ ಆಗ್ತೈತಿ. ಆಮೇಲೆ ಹೇರ್‌ಪಿನ್ನಿಗೂ ಚಿಲ್ಲರೆ ಎಣಿಸ್ರಿ."

"ಅಯ್ಯೋ, ನಂಗೇನ್ ಗೊತ್ತೈತೆ ಕಣಪ್ಪ! ಕೆಂಪು ಬೈಕ್‌ನೋನು ಬತ್ತಾನೆ. ಹೆಲ್ಮೆಟ್ಟೂ ತೆಗೆಯಾಕಿಲ್ಲ. ಕ್ಯಾಶ್ ತಗಂಡು ಓಯ್ತಾನೆ. ನಂಗೆ ನೂರಕ್ಕೆ ಎಲ್ಡು ರೂಪಾಯಿ ಬಿಡ್ತಾನೆ, ಅಷ್ಟೇಯ!"

"ಹೆಸ್ರು?"

"ಕೇಳಿದ್ರೆ ಬೇರೆ ಅಂಗಡಿ ನೋಡ್ಕತೀನಿ ಅಂತಾನೆ..."

ಪಾಲಯ್ಯನ ಕಣ್ಣು ನನ್ನ ಹೆಗಲ ಮೇಲಿಂದ ಆಚೆ ಹೋಯಿತು.

ತಿರುಗಿದೆ.

ರಸ್ತೆಯಾಚೆ ಕೆಂಪು ಬೈಕು. ಹೆಲ್ಮೆಟ್ಟು. ಎಂಜಿನ್ ಆಫ್ ಆಗಿರಲಿಲ್ಲ!

ಓಡಿದೆ. ತರಕಾರಿ ಗಾಡಿಗಳ ನಡುವೆ ನುಗ್ಗಿದೆ. ಬೈಕು ಹಿಂದೆಯೇ! ಯಾರದೋ ಟೊಮೇಟೊ ಬುಟ್ಟಿ ಉರುಳಿತು. "ಕಣ್ಣು ಕಾಣಾಕಿಲ್ವೇನೋ!" ಅಂದಳು ಒಬ್ಬಳು. ಹೊರಟಿದ್ದ ಬಸ್ಸಿನ ಕಂಬಿ ಹಿಡಿದು ನೇತಾಡಿದೆ. ಕಂಡಕ್ಟರ್ ತೆಲುಗಿನಲ್ಲಿ ನನ್ನ ವಂಶವನ್ನೆಲ್ಲ ನೆನೆದ. ಬೈಕು ಊರಾಚೆಯವರೆಗೆ ಬಂದು ನಿಂತುಬಿಟ್ಟಿತು.

ಆಮೇಲೆ ಓಬಕ್ಕ ಹೇಳಿದಳು, ಅದೇ ಗಳಿಗೆಯಲ್ಲಿ ಬಾಲರಾಜು ಅವಳ ಲೈನಿನವರನ್ನು ಎದುರು ನಿಂತು ಬೈಯುತ್ತಿದ್ದನಂತೆ. ಹಾಗಾದರೆ ಬೈಕಿನವನು ಬೇರೆ.

ಇರಲಿ. ಕೈಗೆ ಸಿಗುವವನು ಮೊದಲು.

ಬುಧವಾರ ಸ್ಟೇಷನ್ನಿಗೆ ಹೋಗಿ ಎಸ್‌ಐ ಆಶಾರಾಣಿಯವರಿಗೆ ಎಲ್ಲ ಹೇಳಿದೆ. ಚೀಟಿಯ ವಿಷಯವನ್ನೂ. "ಬಾಲರಾಜೇ ಅಂತ ಹೇಳೋಕೆ ಸಾಕ್ಷಿ ಬೇಕಲ್ಲ ಅಂಜಿನಿ," ಅಂದರು.

ಗುರುವಾರ ಓಬಕ್ಕನ ಕವರಿಗೆ ನನ್ನ ಫೋನ್ ಹಾಕಿ ಕಳಿಸಿದೆ, ವಾಲೆಟ್ ಸರಿಹೋಯಿತು ಅಂತ ಬಾಲರಾಜನಿಗೆ ಕೇಳುವಂತೆ ಹೇಳು ಅಂದೆ. ಹಿಂದೆ ಚೀಟಿ ಇಟ್ಟೆ. ಬೇಕೆಂದೇ ತಪ್ಪು ನಂಬರ್ ಬರೆದೆ. ಆ ಫೋನಿನಲ್ಲೊಂದು ಆ್ಯಪ್ ಇತ್ತು. ಲಾಕ್ ತಪ್ಪಾಗಿ ಒತ್ತಿದವನ ಮುಖದ ಫೋಟೋ ತೆಗೆದು ಇಟ್ಟುಕೊಳ್ಳುತ್ತದೆ. ನಾನು ಆಫೀಸಿನ ವೈ-ಫೈ ನೋಡುವ ನೆಪದಲ್ಲಿ ಯುನಿಟ್ಟಿನೊಳಗೇ ಕುಳಿತೆ.

ಹನ್ನೊಂದೂ ಹತ್ತಕ್ಕೆ ಬಾಲರಾಜು ಬಂದು ನನ್ನ ಕಾಲರ್ ಹಿಡಿದ!

"ಮೂರು ವರ್ಷದಾಗ ನಿನ್ನ ಚೀಟಿ ಒಂದ್ ಸಲಾನೂ ತಪ್ಪಾಗಿಲ್ಲಲೇ," ಅಂದ ಕಟಿಂಗ್ ರೂಮಿಗೆ ಎಳೆಯುತ್ತ. "ಇವತ್ತು ತಪ್ಪಾಗೈತಿ ಅಂದ್ರ ಬೇಕಂತ ಮಾಡೀದಿ! ಕವರ್ ಅಕೀದು, ಫೋನ್ ನಿಂದು!"

ನನ್ನ ಅಚ್ಚುಕಟ್ಟುತನವೇ ನನ್ನನ್ನು ಹಿಡಿದುಕೊಟ್ಟಿತು ಸಾರ್.

ಹಾಗೆ ಬಂತು ನನ್ನ ಹೆಬ್ಬೆರಳು ಬ್ಲೇಡಿನ ಮುಂದೆ.

ಲಾಕ್ ತೆಗೆದೆ. ಅವನದೇ ಮುಖದ ಮೂರು ಫೋಟೋ. ಪೆಟ್ಟಿಗೆಯ ಮೇಲೆ ಬಗ್ಗಿದವನು, ನಾಲಿಗೆ ಹೊರಗೆ ಚಾಚಿ, ಪರೀಕ್ಷೆ ಬರೆಯುವವನಂತೆ. ಮೂರನ್ನೂ ಅಳಿಸಿದ. ನಕ್ಕ.

"ಈಗ ಏನ್ ಮಾಡ್ತೀಯಲೇ?"

ಆಗ ಏನೋ ನಿಂತಂತಾಯಿತು.

ಏನೆಂದು ಮೊದಲು ಹೊಳೆಯಲಿಲ್ಲ. ಹೊರಗೆ ಒಂದು ಹೊಲಿಗೆ ಮಷೀನ್ ನಿಂತಿತ್ತು. ಆಮೇಲೆ ಇನ್ನೊಂದು. ನಾಲ್ಕು. ಹತ್ತು... ಅರವತ್ತೂ! ಉಳಿದದ್ದು ನಮ್ಮ ಕಟಿಂಗ್ ಮಷೀನಿನ ಸದ್ದೊಂದೇ.

ಬಾಗಿಲಲ್ಲಿ ಓಬಕ್ಕ. ಬಾಲರಾಜು ತನ್ನ ಕವರಿನ ಫೋನ್ ಹಿಡಿದು ನನ್ನನ್ನು ಎಳೆದೊಯ್ದದ್ದನ್ನು ಅವಳು ನೋಡಿ, ಲೈನಿಗೆಲ್ಲ ತೋರಿಸಿದ್ದಳು. ಹಿಂದೆ ಇಡೀ ಲೈನು. ಕೈಯಲ್ಲಿ ದಾರ ಕತ್ತರಿಸುವ ಕತ್ತರಿಗಳು.

"ಮಿಷನ್ ಆಫ್ ಮಾಡ್ರಿ," ಅಂದಳು. ಬಾಲರಾಜು ಆಫ್ ಮಾಡಿದ.

"ಹನ್ನೊಂದು ಗಂಟಿಗೆ ಪೆಟ್ಟಿಗ್ಯಾಗಿನ ನನ್ನ ಫೋನ್ ನಿಮ್ಮ ಕೈಯಾಗ ಏನ್ ಮಾಡ್ತಿತ್ತ್ರಿ?"

"ಕಳ್ಳ ಇವ್ನು!" ಬಾಲರಾಜು ನನ್ನತ್ತ ಬೆರಳು ಚಾಚಿದ. "ಕವರ್ ಬಿಚ್ಚಿ ನೋಡ್ರಿ! ಎಲ್ಲಾರ ಚೀಟೀನೂ ಇವನ ಕೈಬರಹ!"

ಅರವತ್ತು ಮುಖಗಳು ನನ್ನ ಕಡೆ ತಿರುಗಿದವು. ಬ್ಲೇಡಿಗಿಂತ ಅದೇ ಹೆಚ್ಚು ಹೆದರಿಸಿತು.

"ಹೌದ್ರಿ," ಅಂದೆ. "ಬರದವ ನಾನು. ಓದಿದವ ಇವ್ನು. ಫೋಟೋ ಅಳಿಸ್ಯಾನ... ಆದ್ರ ತೆಗದ ಕೂಡ್ಲೇ ಅವು ಆಶಾರಾಣಿ ಮೇಡಂ ಫೋನಿಗೆ ಹೋಗ್ಯಾವ."

ಬಾಲರಾಜು ಬಾಗಿಲಿಗೆ ನುಗ್ಗಿದ. ಅರವತ್ತು ಕತ್ತರಿಗಳು ಒಟ್ಟಿಗೆ ಕಚಕ್ ಅಂದವು. ನಿಂತ!

"ನಿನ್ನ ಫೋನು ಪೆಟ್ಟಿಗ್ಯಾಗ ಹಾಕು," ಅಂದಳು ಓಬಕ್ಕ. ಈ ಸಲ ಬಹುವಚನ ಇರಲಿಲ್ಲ. "ರೂಲ್ಸ್ ಎಲ್ಲಾರಿಗೂ ಒಂದೇ."

ಹಾಕಿದ. ಅವಳೇ ಬೀಗ ಹಾಕಿ, ಬೀಗದಕೈಯನ್ನು ಪೊಲೀಸರು ಬರುವವರೆಗೆ ಸೆರಗಿಗೆ ಕಟ್ಟಿಕೊಂಡಳು.

ಶುಕ್ರವಾರ ಓಬಕ್ಕ ಸ್ಟೇಷನ್ನಿಗೆ ಹೋದಳು. ಸಾಕ್ಷಿಯಾಗಿ. ಹತ್ತೊಂಬತ್ತು ದಿನಕ್ಕೆ ಅವಳ ವಾಲೆಟ್ ಬಿಡುಗಡೆ ಆಯಿತು. ಈಗ ಲೈನಿನವರು ಅವಳ ಕೂಡ ಬುತ್ತಿ ಬಿಚ್ಚುತ್ತಾರೆ. ನನಗೆ ಮಾತ್ರ ಅವಳು ಇನ್ನೂ ಚೀಟಿ ಅಂಜಿನಿ ಅನ್ನುತ್ತಾಳೆ. ಅನ್ನಲಿ.

ಕೆಂಪು ಬೈಕಿನವನು ಯಾರು? ಗೊತ್ತಿಲ್ಲ ಸಾರ್. ಬಾಲರಾಜು ಬಾಯಿ ಬಿಟ್ಟಿಲ್ಲ. ನನ್ನ ಕೈಬರಹದ ಚೀಟಿಗಳು ಇನ್ನೂ ಎಷ್ಟು ಕವರುಗಳ ಹಿಂದಿವೆ? ನಲವತ್ತೊಂದನ್ನು ಹುಡುಕಿ ಹರಿದಿದ್ದೇನೆ. ಉಳಿದವು ಗೊತ್ತಿಲ್ಲ.

ಬಾಲರಾಜು ಜಾಮೀನಿನ ಮೇಲಿದ್ದಾನೆ. ಅವನ ಖಾತೆಗಳೆಲ್ಲ ಫ್ರೀಜ್. ಬಿಡಿಸುವ ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು. ಊರಿನಲ್ಲಿ ಬೇರೆ ಯಾರೂ ಅವನನ್ನು ಹತ್ತಿರ ಸೇರಿಸುವುದಿಲ್ಲ. ದಿನಾ ಬೆಳಿಗ್ಗೆ ನನ್ನ ಮೇಜಿನ ಮುಂದೆ ಕೈ ಕಟ್ಟಿ ನಿಲ್ಲುತ್ತಾನೆ.

"ಅಂಜಿನಿಯವ್ರೇ, ಇವತ್ತಾರ ಹಾಕ್ತೀರೇನ್ರಿ?"

ನಾನು ಹೆಬ್ಬೆರಳು ಒತ್ತಿ ಫೋನಿನ ಲಾಕ್ ತೆಗೆಯುತ್ತೇನೆ. ನಿಧಾನಕ್ಕೆ. ಅವನು ನೋಡಲಿ ಅಂತ.

"ಸರ್ವರ್ ಡೌನ್ ಐತ್ರಿ. ನಾಳೆ ಬರ್ರಿ."

ಅದು ಯಾವಾಗ ಸರಿಯಾಗುತ್ತದೋ... ಅದೂ ನನಗೆ ಗೊತ್ತಿಲ್ಲ ಸಾರ್!